ಬೃಹತ್ ಸೇನಾ ಜೆಟ್‌ಗಳ ಹಾರಾಟ ಛಾಯಾಗ್ರಹಣ

ಬಾಂಬ್ ಹಾಕುವ, ಸೈನಿಕರನ್ನೂ ಸರಕನ್ನೂ ಹೊರುವ, ಗಾಳಿಯಲ್ಲೇ ಇಂಧನ ತುಂಬುವ, ಕಡಲನ್ನು ಕಾಯುವ ದೊಡ್ಡ ಜೆಟ್ ವಿಮಾನಗಳನ್ನು ಅವು ಹಾರುತ್ತಿರುವಾಗಲೇ ಕ್ಯಾಮೆರಾದಲ್ಲಿ ಹಿಡಿಯುವ ಕೆಲಸ. ವಿಮಾನ ಛಾಯಾಗ್ರಹಣದ ಒಂದು ಕವಲು. ಅಮೆರಿಕದ ಬಿ-52, ಬಿ-1ಬಿ, ಸಿ-5, ಸಿ-17, ರಷ್ಯದ ಟಿಯು-160, ಐಎಲ್-76, ಬ್ರಿಟನ್ನಿನ ವಲ್ಕನ್, ಭಾರತೀಯ ನೌಕಾಪಡೆಯ ಪಿ-8ಐ ಇದರ ಹೆಸರಾಂತ ವಸ್ತುಗಳು. ಕೆಲವರು ವಾಯುನೆಲೆಯ ಬೇಲಿಯ ಹೊರಗೆ ನಿಂತು, ಕೆಲವರು ಬೆಟ್ಟ ಹತ್ತಿ, ಬೆರಳೆಣಿಕೆಯ ಜನ ಇನ್ನೊಂದು ವಿಮಾನದಲ್ಲಿ ಕೂತು ಈ ಚಿತ್ರಗಳನ್ನು ತೆಗೆಯುತ್ತಾರೆ. ಯುದ್ಧವಿಮಾನಗಳ ಛಾಯಾಗ್ರಹಣಕ್ಕೂ ಇದಕ್ಕೂ ಉಪಕರಣ ಒಂದೇ, ಕಷ್ಟಗಳು ಬೇರೆ. ಸಣ್ಣ ಯುದ್ಧವಿಮಾನದ ಬೆನ್ನು ಹತ್ತಿದವರನ್ನು ವೇಗ ಕಾಡಿದರೆ ಇಲ್ಲಿ ಕಾಡುವುದು ಗಾತ್ರ. ಐವತ್ತು ಮೀಟರ್ ಉದ್ದದ ಯಂತ್ರವನ್ನು ಅಂಗೈಯಗಲದ ಚಿತ್ರದಲ್ಲಿ ಇಟ್ಟ ಮೇಲೂ ಅದು ಐವತ್ತು ಮೀಟರಿನದು ಎಂದು ನೋಡುವವರ ಕಣ್ಣಿಗೆ ಅನ್ನಿಸಬೇಕು. ಈ ಕಸುಬಿನ ಬಹುಪಾಲು ಜಾಣ್ಮೆ ಹುಟ್ಟಿರುವುದು ಈ ಒಂದು ಅಗತ್ಯದಿಂದ.

ಗಾತ್ರ, ದೂರ, ಲೆನ್ಸ್

ಸಿ-17 ಗ್ಲೋಬ್‌ಮಾಸ್ಟರ್ 53 ಮೀಟರ್ ಉದ್ದವಿದೆ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 52 ಮೀಟರ್. ನೆಲದ ಮೇಲೆ ನಿಂತಾಗ ಅದರ ಬಾಲದ ನೆತ್ತಿ 16.8 ಮೀಟರ್ ಎತ್ತರದಲ್ಲಿರುತ್ತದೆ, ಅಂದರೆ ಶ್ರವಣಬೆಳಗೊಳದ ಗೊಮ್ಮಟನಿಗೆ ಹೆಚ್ಚುಕಡಿಮೆ ಸಮ. ಎಂಟು ಎಂಜಿನ್ನುಗಳ ಬಿ-52 ಬಾಂಬರಿನ ರೆಕ್ಕೆಯ ಹರವು 56 ಮೀಟರ್ ದಾಟುತ್ತದೆ. ಸಿ-5 ಗ್ಯಾಲಕ್ಸಿಯ ಉದ್ದ 75 ಮೀಟರ್. ಇವುಗಳ ಪಕ್ಕದಲ್ಲಿ ನಮ್ಮ ತೇಜಸ್ ಯುದ್ಧವಿಮಾನ ಬರೀ 13.2 ಮೀಟರ್.

ಹೊಸಬರು ಸಾಮಾನ್ಯವಾಗಿ ವಿಮಾನದ ಚಿತ್ರಕ್ಕೆ ತೋಳುದ್ದದ ಲೆನ್ಸ್ ಬೇಕೇಬೇಕು ಎಂದುಕೊಂಡಿರುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲ. 300 ಮೀಟರ್ ದೂರದಲ್ಲಿ ಅಡ್ಡಹಾಯುವ ಸಿ-17 ಈ ಅಗಲವನ್ನು ಮೂಗಿನಿಂದ ಬಾಲದವರೆಗೆ ತುಂಬಲು 204 ಎಂಎಂ ಲೆನ್ಸ್ ಸಾಕು. ಸುತ್ತ ಒಂದಿಷ್ಟು ಬಯಲು ಬಿಡುವುದಾದರೆ 135 ಅಥವಾ 150 ಎಂಎಂ. ಅಷ್ಟೇ ದೂರದ ತೇಜಸ್‌ಗೆ 800 ಎಂಎಂಗೂ ಹೆಚ್ಚು ಬೇಕಾಗುತ್ತದೆ. ಮದುವೆ ಮನೆಯ ಛಾಯಾಗ್ರಾಹಕರ ಚೀಲದಲ್ಲಿರುವ 70–200 ಝೂಮ್ ಲೆನ್ಸಿನಿಂದಲೇ ಜಗತ್ತಿನ ಅತಿ ದೊಡ್ಡ ಸೇನಾ ಜೆಟ್‌ಗಳ ಒಳ್ಳೆಯ ಚಿತ್ರಗಳನ್ನು ತೆಗೆಯಬಹುದು.

ಆದರೆ ಚೌಕಟ್ಟು ತುಂಬಿದ ಮಾತ್ರಕ್ಕೆ ಚಿತ್ರ ತುಂಬಲಿಲ್ಲ. ನೀಲಿ ಆಕಾಶದ ನಟ್ಟನಡುವೆ, ಅಂಚಿನಿಂದ ಅಂಚಿಗೆ ಕೂರಿಸಿದ ಸಿ-17 ಒಂದು ಪ್ಲಾಸ್ಟಿಕ್ ಆಟಿಕೆಯಂತೆ ಕಾಣುತ್ತದೆ. ಗೊಮ್ಮಟನನ್ನು ಬರೀ ಮೋಡದ ಮುಂದೆ ಹಿಡಿದ ಚಿತ್ರದಲ್ಲೂ ಇದೇ ಕೊರತೆ. ಪಾದದ ಬಳಿ ಅರ್ಚಕರೊಬ್ಬರು ನಿಂತ ಚಿತ್ರದಲ್ಲಿ ಮಾತ್ರ ಆ ಎತ್ತರ ಎದೆಗೆ ತಟ್ಟುತ್ತದೆ. ಕಣ್ಣಿಗೊಂದು ಅಳತೆಗೋಲು ಬೇಕು. ಪಕ್ಕದಲ್ಲಿ ಹಾರುವ ಯುದ್ಧವಿಮಾನ, ಕೆಳಗಿನ ಮರಗಳ ಸಾಲು, ಕಾಕ್‌ಪಿಟ್ ಕಿಟಕಿಯಲ್ಲಿ ಕಾಣುವ ಹೆಲ್ಮೆಟ್, ಸರಕು ಬಾಗಿಲಿನ ಅಂಚಿನಲ್ಲಿ ಕೂತ ಸಿಬ್ಬಂದಿ, ಇವುಗಳಲ್ಲಿ ಯಾವುದಾದರೂ ಒಂದು ಆ ಕೆಲಸ ಮಾಡುತ್ತದೆ. ಗಣರಾಜ್ಯೋತ್ಸವದ ಹಾರಾಟದಲ್ಲಿ ಭಾರತೀಯ ವಾಯುಪಡೆಯ ಸಿ-17ರ ಎಡಬಲಕ್ಕೆ ಎರಡು ಸುಖೋಯ್-30 ವಿಮಾನಗಳು ಹಾರುವ ‘ಗ್ಲೋಬ್’ ವಿನ್ಯಾಸದ ಚಿತ್ರಗಳು ಪತ್ರಿಕೆಗಳಲ್ಲಿ ಎದ್ದು ಕಾಣುವುದಕ್ಕೆ ಕಾರಣ ಇದೇ. ಸುಖೋಯ್ ಸ್ವತಃ ಸುಮಾರು 22 ಮೀಟರಿನ ದೊಡ್ಡ ಯುದ್ಧವಿಮಾನ. ಅದನ್ನೇ ಮರಿಯಂತೆ ಕಾಣಿಸುವ ಇನ್ನೊಂದು ಅದರ ಪಕ್ಕದಲ್ಲಿದೆ ಎಂದು ನೋಡುವವರಿಗೆ ಬಿಡಿಸಿ ಹೇಳಬೇಕಿಲ್ಲ.

ದೂರದ ಆಯ್ಕೆಯೂ ಗಾತ್ರದ ಅನುಭವವನ್ನು ಬದಲಿಸುತ್ತದೆ. ವಿಮಾನ 200 ಮೀಟರ್ ದೂರದಲ್ಲಿ ಅಡ್ಡಹಾಯುವಾಗ ನಮ್ಮ ಕಡೆಯ ರೆಕ್ಕೆತುದಿ 174 ಮೀಟರಿನಲ್ಲಿ, ಆಚೆಯದು 226 ಮೀಟರಿನಲ್ಲಿ ಇರುತ್ತದೆ. ಹತ್ತಿರದ್ದು ದೂರದ್ದಕ್ಕಿಂತ ಶೇ 30ರಷ್ಟು ದೊಡ್ಡದಾಗಿ ಕಂಡು ವಿಮಾನಕ್ಕೆ ಮೈ ಬರುತ್ತದೆ. ಅದನ್ನೇ 600 ಮೀಟರ್ ದೂರದಿಂದ ಉದ್ದ ಲೆನ್ಸಿನಲ್ಲಿ ಎಳೆದು ತೆಗೆದರೆ ಈ ವ್ಯತ್ಯಾಸ ಶೇ 9ಕ್ಕೆ ಇಳಿದು ವಿಮಾನ ಚಪ್ಪಟೆಯಾಗುತ್ತದೆ. ಆದ್ದರಿಂದ ಪಳಗಿದವರು ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಲೆನ್ಸನ್ನು ಆಮೇಲೆ ಆರಿಸುತ್ತಾರೆ.

ದೊಡ್ಡ ವಸ್ತು ವೇಗದ ಅಂದಾಜನ್ನೂ ತಪ್ಪಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಷೆಲ್ ಲೈಬೊವಿಟ್ಜ್ 1985ರಲ್ಲಿ ರೈಲ್ವೆ ಲೆವೆಲ್ ಕ್ರಾಸಿಂಗ್ ಅಪಘಾತಗಳ ಬಗ್ಗೆ ಬರೆಯುತ್ತ, ದೊಡ್ಡ ವಸ್ತು ಅದೇ ವೇಗದ ಸಣ್ಣ ವಸ್ತುವಿಗಿಂತ ನಿಧಾನವಾಗಿ ಬರುತ್ತಿರುವಂತೆ ಕಾಣುತ್ತದೆ ಎಂದು ವಿವರಿಸಿದರು. ಇಳಿಯಲು ಬರುವ ಸಿ-17 ರಥೋತ್ಸವದ ತೇರಿನಂತೆ ತೂಗಾಡುತ್ತ ಬರುವ ಹಾಗೆ ಕಂಡರೂ ಗಂಟೆಗೆ 250 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 69 ಮೀಟರ್. ಅದು 300 ಮೀಟರ್ ದೂರದಲ್ಲಿ ಎದುರು ಹಾಯುವ ಗಳಿಗೆಯಲ್ಲಿ ಕ್ಯಾಮೆರಾ ಸೆಕೆಂಡಿಗೆ 13 ಡಿಗ್ರಿ ತಿರುಗುತ್ತಿರಬೇಕು. ಗಂಟೆಗೆ 900 ಕಿ.ಮೀ. ವೇಗದಲ್ಲಿ 600 ಮೀಟರ್ ದೂರದಲ್ಲಿ ಹಾಯುವ ಯುದ್ಧವಿಮಾನಕ್ಕೆ ಬೇಕಾದದ್ದು 24 ಡಿಗ್ರಿ. ದೊಡ್ಡದು ನಿಧಾನ ಎಂದು ನಂಬಿ ಕೈ ಸಡಿಲ ಬಿಟ್ಟವರ ಚಿತ್ರದಲ್ಲಿ ವಿಮಾನದ ಮೂಗು ಕತ್ತರಿಸಿಹೋಗಿರುತ್ತದೆ.

ಚರಿತ್ರೆ

ಹಾರುವ ವಿಮಾನದ ಮೊದಲ ಚಿತ್ರಕ್ಕೂ ವಿಮಾನಕ್ಕೂ ಒಂದೇ ವಯಸ್ಸು. 1903ರ ಡಿಸೆಂಬರ್ 17ರಂದು ಕಿಟ್ಟಿ ಹಾಕ್ ಬಳಿ ಆರ್ವಿಲ್ ರೈಟ್ ತನ್ನ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಹೂಡಿ, ವಿಮಾನ ನೆಲ ಬಿಡುವ ಜಾಗಕ್ಕೆ ಗುರಿಯಿಟ್ಟು, ಶಟರ್ ಒತ್ತುವ ಹೊಣೆಯನ್ನು ಸಮುದ್ರ ರಕ್ಷಣಾ ಠಾಣೆಯ ಜಾನ್ ಡೇನಿಯಲ್ಸ್ ಎಂಬಾತನಿಗೆ ಒಪ್ಪಿಸಿದ. ಆ ಚಿತ್ರದಲ್ಲಿ ರೆಕ್ಕೆಯ ಪಕ್ಕಕ್ಕೆ ಅಣ್ಣ ವಿಲ್ಬರ್ ಓಡಿಬಂದು ನಿಂತಿರುವುದರಿಂದ ಯಂತ್ರ ಎಷ್ಟು ದೊಡ್ಡದೆಂದು ಇಂದಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನ ಚಾರ್ಲ್ಸ್ ಇ. ಬ್ರೌನ್ ಒಂದು ವಿಮಾನದಿಂದ ಇನ್ನೊಂದನ್ನು ಚಿತ್ರಿಸುವುದನ್ನೇ ಜೀವನದ ಕಸುಬಾಗಿಸಿಕೊಂಡರು. ಅವರ ಸಂಗ್ರಹ ಈಗ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿದೆ.

ದೊಡ್ಡ ಜೆಟ್ಟುಗಳು ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಬಿ-52 ಮೊದಲು ಹಾರಿದ್ದು 1952ರ ಏಪ್ರಿಲ್ 15ರಂದು. 1955ರಲ್ಲಿ ಬಿಡುಗಡೆಯಾದ ‘ಸ್ಟ್ರಾಟೆಜಿಕ್ ಏರ್ ಕಮಾಂಡ್’ ಚಲನಚಿತ್ರಕ್ಕಾಗಿ ಸಾಹಸಿ ಪೈಲಟ್ ಪಾಲ್ ಮ್ಯಾಂಟ್ಜ್ ಹಳೆಯ ಬಿ-25 ವಿಮಾನವನ್ನು ಕ್ಯಾಮೆರಾ ವಾಹನವಾಗಿ ಹಾರಿಸಿದ. ಆರು ಎಂಜಿನ್ನುಗಳ ಬಿ-47 ಜೆಟ್ ಬಾಂಬರ್ ಮೋಡಗಳ ನಡುವೆ ತೇಲುವ ದೃಶ್ಯಗಳನ್ನು ಸಾಮಾನ್ಯ ಜನ ಬೆಳ್ಳಿತೆರೆಯ ಮೇಲೆ ಬಣ್ಣದಲ್ಲಿ ನೋಡಿದ್ದು ಹೀಗೆ.

ಅದೇ 1955ರ ಜುಲೈನಲ್ಲಿ ಮಾಸ್ಕೋ ಬಳಿಯ ತುಶಿನೊದಲ್ಲಿ ನಡೆದ ವಾಯುಪ್ರದರ್ಶನ ಇನ್ನೊಂದು ಬಗೆಯ ಪಾಠ ಕಲಿಸಿತು. ಎಂ-4 ಎಂಬ ದೊಡ್ಡ ಜೆಟ್ ಬಾಂಬರುಗಳು ಮೊದಲು ಹತ್ತು, ಆಮೇಲೆ ಹದಿನೆಂಟು ಹಾರಿದವು. ಪಶ್ಚಿಮದ ವೀಕ್ಷಕರು ಇಪ್ಪತ್ತೆಂಟು ಎಂದು ಲೆಕ್ಕ ಬರೆದುಕೊಂಡರು. ಮೊದಲ ಹತ್ತೇ ಕಣ್ಮರೆಯಾಗಿ ಸುತ್ತುಹಾಕಿ ಬಂದು ಹೊಸ ಎಂಟರ ಜೊತೆ ಸೇರಿದ್ದವು. ರಷ್ಯದ ಬಾಂಬರುಗಳು ನಮಗಿಂತ ಹೆಚ್ಚು ಎಂಬ ಭಯ ಅಮೆರಿಕದಲ್ಲಿ ಹರಡಿ, ಬಿ-52ಗಳ ತಯಾರಿಕೆ ಚುರುಕಾಯಿತು. 1956ರಲ್ಲಿ ಯು-2 ಬೇಹುವಿಮಾನಗಳು ಸೋವಿಯತ್ ನೆಲೆಗಳ ಚಿತ್ರ ತೆಗೆಯತೊಡಗಿದ ಮೇಲೆ ಆ ಭಯಕ್ಕೆ ಆಧಾರವಿಲ್ಲವೆಂದು ಗೊತ್ತಾಯಿತು. ಪ್ರತಿ ವಿಮಾನದ ಮೈಮೇಲಿನ ಅಂಕಿ ಓದುವಷ್ಟು ಸ್ಪಷ್ಟವಾದ ಚಿತ್ರ ತೆಗೆಯಬೇಕೆಂದು ಹವ್ಯಾಸಿಗಳು ಇಂದಿಗೂ ಹಟ ಹಿಡಿಯುವುದನ್ನು ಬರೀ ಹುಚ್ಚೆಂದು ತಳ್ಳಿಹಾಕಲಾಗದು. ತುಶಿನೊದಲ್ಲಿ ಅಂಥ ಚಿತ್ರಗಳಿದ್ದಿದ್ದರೆ ಹತ್ತು ವಿಮಾನಗಳು ಎರಡು ಸಲ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಶೀತಲ ಸಮರದ ಉದ್ದಕ್ಕೂ ಉತ್ತರ ಸಮುದ್ರದ ಮೇಲೆ ಸೋವಿಯತ್ ಬಾಂಬರುಗಳನ್ನು ಎದುರುಗೊಳ್ಳುತ್ತಿದ್ದ ನಾರ್ವೆ ಮತ್ತು ಬ್ರಿಟನ್ನಿನ ಪೈಲಟ್‌ಗಳು ಕಾಕ್‌ಪಿಟ್ಟಿನಲ್ಲಿ ಕೈ ಕ್ಯಾಮೆರಾ ಇಟ್ಟುಕೊಳ್ಳುತ್ತಿದ್ದರು. ಆಂಟೆನಾ ಎಲ್ಲಿದೆ, ಹೊಟ್ಟೆಯ ಕೆಳಗೆ ಏನು ತೂಗಿದೆ ಎಂಬುದೆಲ್ಲ ಆ ಚಿತ್ರಗಳಿಂದಲೇ ತಿಳಿಯುತ್ತಿತ್ತು. ಹವ್ಯಾಸಿಗಳ ಲೋಕದಲ್ಲಿ ಆ ಕಾಲದ ಅಚ್ಚುಮೆಚ್ಚಿನ ಫಿಲ್ಮು ಕೊಡಾಕ್ರೋಮ್ 64. ಅದರ ಸಂವೇದನೆ ಕಡಿಮೆ. ಒಳ್ಳೆಯ ಬಿಸಿಲಿನಲ್ಲಿ ಎಫ್/5.6ಕ್ಕೆ ಸೆಕೆಂಡಿನ 1/500 ಭಾಗ, ಅಷ್ಟೇ. ಮೋಡ ಕವಿದರೆ ಕ್ಯಾಮೆರಾ ಚೀಲಕ್ಕೆ. ಸ್ಲೈಡುಗಳನ್ನು ಅಂಚೆಯಲ್ಲಿ ದೇಶದಿಂದ ದೇಶಕ್ಕೆ ವಿನಿಮಯ ಮಾಡಿಕೊಳ್ಳುವ ದೊಡ್ಡ ಜಾಲವೇ ಇತ್ತು. ಆ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು.

1966ರ ಜೂನ್ 8

ಈ ಕಸುಬಿನ ಚರಿತ್ರೆಯಲ್ಲಿ ಮರೆಯಬಾರದ ದಿನವಿದು. ಅಮೆರಿಕದ ಎಕ್ಸ್‌ಬಿ-70 ವಾಲ್ಕೈರಿ ಶಬ್ದದ ಮೂರುಪಟ್ಟು ವೇಗದಲ್ಲಿ ಹಾರಲೆಂದು ಕಟ್ಟಿದ, ಸುಮಾರು 56 ಮೀಟರ್ ಉದ್ದದ ಬಿಳಿಯ ಪ್ರಯೋಗ ಬಾಂಬರ್. ಜಗತ್ತಿನಲ್ಲಿದ್ದದ್ದು ಅಂಥ ಎರಡೇ. ಅದರ ಎಂಜಿನ್ ತಯಾರಿಸಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಪ್ರಚಾರದ ಚಿತ್ರ ಬೇಕಿತ್ತು: ತನ್ನ ಎಂಜಿನ್ನುಗಳಿಂದ ಹಾರುವ ಐದು ಬಗೆಯ ವಿಮಾನಗಳು ಒಟ್ಟಿಗೆ. ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯ ಮೇಲೆ ವಾಲ್ಕೈರಿಯ ಎಡಬಲಕ್ಕೆ ಎಫ್-4, ಎಫ್-5, ಟಿ-38 ಮತ್ತು ಎಫ್-104 ವಿಮಾನಗಳು ಒತ್ತಾಗಿ ಸೇರಿದವು. ಕ್ಯಾಮೆರಾಗಳಿದ್ದದ್ದು ಒಂದು ಲಿಯರ್‌ಜೆಟ್‌ನಲ್ಲಿ.

ಚಿತ್ರೀಕರಣ ಮುಗಿಯುವ ಹೊತ್ತಿಗೆ ಎಫ್-104 ವಾಲ್ಕೈರಿಯ ಬಲ ರೆಕ್ಕೆತುದಿಗೆ ತಗುಲಿ, ಮಗುಚಿ, ಅದರ ಬೆನ್ನಿನ ಮೇಲಿಂದ ಉರುಳುತ್ತ ಎರಡೂ ಲಂಬ ಬಾಲಗಳನ್ನು ಕತ್ತರಿಸಿಕೊಂಡು ಹೋಯಿತು. ಎಫ್-104ರಲ್ಲಿದ್ದ ನಾಸಾ ಪೈಲಟ್ ಜೋ ವಾಕರ್ ಅಲ್ಲೇ ಸತ್ತರು. ವಾಲ್ಕೈರಿ ಕೆಲವು ಸೆಕೆಂಡು ಏನೂ ಆಗದಂತೆ ನೆಟ್ಟಗೆ ಹಾರಿ ನಂತರ ಗಿರಗಿರನೆ ಸುತ್ತುತ್ತ ಬಿತ್ತು. ಸಹ ಪೈಲಟ್ ಕಾರ್ಲ್ ಕ್ರಾಸ್ ಹೊರಬರಲಾಗದೆ ಸತ್ತರು. ಪೈಲಟ್ ಆಲ್ ವೈಟ್ ತೀವ್ರ ಗಾಯಗಳೊಂದಿಗೆ ಬದುಕಿದರು. ಪ್ರಚಾರಕ್ಕೆಂದು ತಂದಿದ್ದ ಕ್ಯಾಮೆರಾಗಳು ಈ ಎಲ್ಲವನ್ನೂ ದಾಖಲಿಸಿದವು.

ವಾಕರ್ ಅನನುಭವಿಯಲ್ಲ, ಎಕ್ಸ್-15 ರಾಕೆಟ್ ವಿಮಾನವನ್ನು ಹಾರಿಸಿದವರು. ಅವರು ಕೂತ ಜಾಗದಿಂದ ವಾಲ್ಕೈರಿಯ ರೆಕ್ಕೆತುದಿ ನೋಟದ ಎದುರಿಗೆ ಇರಲಿಲ್ಲ, ಹಿಂದಕ್ಕಿತ್ತು. ಅಷ್ಟು ದೊಡ್ಡ ವಿಮಾನದ ಪಕ್ಕದಲ್ಲಿ ತಾವು ಮೆಲ್ಲಗೆ ಅದರತ್ತ ಸರಿಯುತ್ತಿರುವುದು ಅವರಿಗೆ ಕಾಣದೆ ಹೋಗಿರಬೇಕೆಂದು ತನಿಖೆ ತೀರ್ಮಾನಿಸಿತು. ತಗುಲಿದ ಮೇಲೆ ರೆಕ್ಕೆತುದಿಯ ಪ್ರಬಲ ಸುಳಿಗಾಳಿ ಎಫ್-104ನ್ನು ಎತ್ತಿ ಒಗೆಯಿತು. ಉಳಿದ ಒಂದು ವಾಲ್ಕೈರಿ ಇಂದು ಡೇಟನ್ ನಗರದ ಅಮೆರಿಕನ್ ವಾಯುಪಡೆ ಮ್ಯೂಸಿಯಂನಲ್ಲಿದೆ. ದೊಡ್ಡ ವಿಮಾನದ ಸುತ್ತ ಚಿತ್ರಕ್ಕಾಗಿ ಹಾರುವ ಯಾರೇ ಆಗಲಿ ಈ ದಿನದ ವರದಿ ಓದದೆ ಹಾರಬಾರದು ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ನೆಲದಿಂದ

ಜೆಟ್ ವಿಮಾನಕ್ಕೆ ತಿರುಗುವ ಪಂಖವಿಲ್ಲದ ಕಾರಣ ಶಟರ್ ವೇಗವನ್ನು ಎಷ್ಟು ಬೇಕಾದರೂ ಏರಿಸಬಹುದು. ಪಂಖದ ವಿಮಾನಕ್ಕೆ 1/1000 ಕೊಟ್ಟರೆ ಪಂಖ ನಿಂತುಹೋದಂತೆ ಕಾಣುತ್ತದೆ. ಜೆಟ್‌ಗೆ ಆ ಅಡ್ಡಿ ಇಲ್ಲ. ಸೆಕೆಂಡಿನ 1/1000 ಭಾಗದಲ್ಲಿ ಇಳಿಯುತ್ತಿರುವ ಸಿ-17 ಚಲಿಸುವುದು ಏಳು ಸೆಂಟಿಮೀಟರ್. ವೇಗದ ಅನುಭವ ಬೇಕೆನ್ನುವವರು 1/60ಕ್ಕೆ ಇಳಿಸಿ, ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸಿ ಹಿನ್ನೆಲೆಯ ಮರಗಳನ್ನು ಗೆರೆಗಳಾಗಿಸುತ್ತಾರೆ. ಇದಕ್ಕೆ ಪ್ಯಾನಿಂಗ್ ಎಂದು ಹೆಸರು. ದೊಡ್ಡ ವಿಮಾನದಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಮೂಗು, ಹತ್ತಿರದ ರೆಕ್ಕೆತುದಿ, ಬಾಲ ನಮ್ಮಿಂದ ಬೇರೆ ಬೇರೆ ದೂರದಲ್ಲಿ, ಬೇರೆ ಬೇರೆ ಕೋನದಲ್ಲಿ ಇರುವುದರಿಂದ ಅವು ಕಣ್ಣಿಗೆ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಕ್ಯಾಮೆರಾ ಯಾವುದನ್ನು ಹಿಂಬಾಲಿಸಿತೋ ಅದು ಮಾತ್ರ ಚೂಪಾಗುತ್ತದೆ. ಕಾಕ್‌ಪಿಟ್ ಚೂಪಾಗಿ ಬಾಲ ಮಸುಕಾದರೆ ತಪ್ಪಿಲ್ಲ. ಬಾಲ ಚೂಪಾಗಿ ಕಾಕ್‌ಪಿಟ್ ಮಸುಕಾದ ಚಿತ್ರವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಫೋಕಸ್ಸಿನ ಚಿಂತೆ ಇಲ್ಲಿ ಕಡಿಮೆ. 200 ಎಂಎಂ ಲೆನ್ಸನ್ನು ಎಫ್/5.6ರಲ್ಲಿ 300 ಮೀಟರಿಗೆ ನಿಲ್ಲಿಸಿದರೆ ಸುಮಾರು 133 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ. ಆದರೆ ಬೂದು ಬಣ್ಣದ ನುಣ್ಣನೆ ಮೈಯ ಮೇಲೆ ಹಿಡಿತ ಸಿಗದೆ ಆಟೊಫೋಕಸ್ ತಡಕಾಡುವುದುಂಟು. ಕಾಕ್‌ಪಿಟ್ ಕಿಟಕಿ, ರಾಷ್ಟ್ರಚಿಹ್ನೆ, ರೆಕ್ಕೆಯ ಬುಡ ಇವುಗಳ ಮೇಲೆ ಗುರಿಯಿಟ್ಟರೆ ಅದು ಶಾಂತವಾಗುತ್ತದೆ. ಸೋನಿಯ ಎ7ಆರ್ 5 (2022), ನಿಕಾನ್ ಝಡ್8 (2023) ತರಹದ ಕ್ಯಾಮೆರಾಗಳು ವಿಮಾನದ ಆಕಾರವನ್ನು ತಾವೇ ಗುರುತಿಸುತ್ತವೆ.

ಬೆಳಕೇ ನಿಜವಾದ ಒಡೆಯ. ಸೇನಾ ವಿಮಾನಗಳ ಬಣ್ಣ ಕಣ್ಣಿಗೆ ಬೀಳದಿರಲೆಂದೇ ಬಳಿದದ್ದು. ಆ ಬಣ್ಣವನ್ನು ಹೊಳೆಯುವ ಆಕಾಶದ ಮುಂದೆ ಇಟ್ಟರೆ ಕ್ಯಾಮೆರಾದ ಮೀಟರ್ ಆಕಾಶಕ್ಕೆ ಸೋತು ವಿಮಾನವನ್ನು ಕರಿ ಮಾಡುತ್ತದೆ. ಚಿತ್ರಕ್ಕೆ ಬೀಳುವ ಬೆಳಕನ್ನು ಮುಕ್ಕಾಲು ಅಥವಾ ಒಂದು ಸ್ಟಾಪ್ ಹೆಚ್ಚಿಸುವುದು ವಾಡಿಕೆ. ಅಷ್ಟಾದರೂ ಅಗಲವಾದ ರೆಕ್ಕೆ ತನ್ನ ಹೊಟ್ಟೆಯ ಮೇಲೆ ತಾನೇ ದೊಡ್ಡ ನೆರಳು ಚೆಲ್ಲಿಕೊಂಡಿರುತ್ತದೆ. ಈ ನೆರಳನ್ನು ತುಂಬುವುದು ನೆಲ. ಹಿಮ, ಮರಳು, ನೀರು, ಕಾಂಕ್ರೀಟ್ ಬೆಳಕನ್ನು ಮೇಲಕ್ಕೆ ಎಸೆದು ಹೊಟ್ಟೆಯ ಪ್ರತಿ ಬಾಗಿಲನ್ನೂ ಕಾಣಿಸುತ್ತವೆ. ಹಸಿರು ಹೊಲವಾಗಲಿ ಕಾಡಾಗಲಿ ಏನನ್ನೂ ಹಿಂದಿರುಗಿಸದು. ಬೆಳಗಿನ ಮತ್ತು ಇಳಿಹೊತ್ತಿನ ಬೆಳಕು ಪಕ್ಕದಿಂದ ಬಂದು ಮೈಯ ಉಬ್ಬುತಗ್ಗುಗಳನ್ನು ಎತ್ತಿ ತೋರಿಸುತ್ತದೆ.

ಮಧ್ಯಾಹ್ನದಲ್ಲಿ ಇನ್ನೊಂದು ಶತ್ರು ಹುಟ್ಟುತ್ತದೆ: ಕಾದ ಗಾಳಿ. ರನ್‌ವೇಯ ಮೇಲೆ ಬಿಸಿಯಾದ ಗಾಳಿಯ ಪದರಗಳು ಬೆಳಕನ್ನು ಒಂದೇ ಸಮನೆ ಬಾಗಿಸುತ್ತಿರುವುದರಿಂದ ಚಿತ್ರ ನೀರಿನಡಿ ತೆಗೆದಂತೆ ನಡುಗುತ್ತದೆ. ಎಷ್ಟೇ ಬೆಲೆಯ ಲೆನ್ಸ್ ಆದರೂ ಇದಕ್ಕೆ ಮದ್ದಿಲ್ಲ. ಹತ್ತಿರ ಹೋಗಬೇಕು, ಎತ್ತರ ಹತ್ತಬೇಕು, ಇಲ್ಲವೇ ನಾಳೆ ಬೆಳಿಗ್ಗೆ ಬರಬೇಕು.

ತೇವವಿರುವ ದಿನ ಅದೃಷ್ಟದ ದಿನ. ರೆಕ್ಕೆಯ ಮೇಲೆ ಒತ್ತಡ ಕುಸಿದಾಗ ಗಾಳಿ ತಣಿದು ತೇವ ಮಂಜಾಗುತ್ತದೆ. ಫ್ಲ್ಯಾಪ್‌ಗಳ ಅಂಚಿನಿಂದ, ರೆಕ್ಕೆತುದಿಯಿಂದ ಬಿಳಿ ಹುರಿಗಳು ಸುತ್ತಿಕೊಳ್ಳುತ್ತ ಹಿಂದಕ್ಕೆ ಹೋಗುತ್ತವೆ. 2006ರ ಮೇ ತಿಂಗಳಲ್ಲಿ ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ ಬಳಿ ಅಟ್ಲಾಂಟಿಕ್ ಸಾಗರದ ಮೇಲೆ ಒಂದು ಸಿ-17, ಶಾಖ ಬೆನ್ನಟ್ಟುವ ಕ್ಷಿಪಣಿಗಳ ದಾರಿ ತಪ್ಪಿಸುವ ಫ್ಲೇರುಗಳನ್ನು ಉಗುಳಿತು. ವಿಮಾನ ಹಿಂದೆ ಬಿಟ್ಟ ಎರಡು ಸುಳಿಗಳು ಆ ಹೊಗೆಯನ್ನು ಎಡಕ್ಕೂ ಬಲಕ್ಕೂ ಸುರುಳಿ ಸುತ್ತಿ ರೆಕ್ಕೆ ಬಿಚ್ಚಿದ ದೇವದೂತನ ಆಕಾರ ಕೊಟ್ಟವು. ವಾಯುಪಡೆಯ ಛಾಯಾಗ್ರಾಹಕರು ತೆಗೆದ ಆ ಚಿತ್ರ ‘ಹೊಗೆಯ ದೇವದೂತ’ ಎಂಬ ಅರ್ಥದ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ವಾಕರ್ ಅವರ ವಿಮಾನವನ್ನು ಒಗೆದ ಶಕ್ತಿಯೇ ಇಲ್ಲಿ ಕಣ್ಣಿಗೆ ಕಾಣುವಂತೆ ನಿಂತಿದೆ. ಅದಕ್ಕಾಗಿಯೇ ಈ ಚಿತ್ರ ಬರೀ ಸೊಗಸಿನದಲ್ಲ.

ಒಂದೊಂದು ವಿಮಾನಕ್ಕೂ ಒಂದೊಂದು ನಡಿಗೆ ಇದೆ, ಅದನ್ನು ಅರಿತವರ ಚಿತ್ರ ಬೇರೆಯಾಗಿ ಕಾಣುತ್ತದೆ. ಬಿ-52ರ ರೆಕ್ಕೆ ನೆಲದ ಮೇಲಿದ್ದಾಗ ಜೋತುಬಿದ್ದಿರುತ್ತದೆ, ಗಾಳಿಗೆ ಬಿದ್ದೊಡನೆ ಬಿಲ್ಲಿನಂತೆ ಮೇಲಕ್ಕೆ ಬಾಗುತ್ತದೆ. ಏರುವಾಗ ಮೂಗು ಕೆಳಗಿಟ್ಟು ಏರುತ್ತದೆ. ಅಡ್ಡಗಾಳಿ ಇದ್ದರೆ ಚಕ್ರಗಳನ್ನೇ 20 ಡಿಗ್ರಿಯವರೆಗೆ ಓರೆ ಮಾಡಿಕೊಂಡು, ಏಡಿಯ ಹಾಗೆ ಪಕ್ಕಕ್ಕೆ ಮುಖಮಾಡಿ ಇಳಿಯಬಲ್ಲದು. ಬಿ-1ಬಿ ರೆಕ್ಕೆಗಳನ್ನು ಚಾಚಿದಾಗ 41 ಮೀಟರಿಗೂ ಹೆಚ್ಚು ಅಗಲ, ಹಿಂದಕ್ಕೆ ಮಡಚಿದಾಗ ಸುಮಾರು 24. ಒಂದೇ ವಿಮಾನ ಎರಡು ಬೇರೆ ಚಿತ್ರಗಳಾಗುತ್ತದೆ. ಹಳೆಯ ಸಿ-5ರ ಎಂಜಿನ್ನುಗಳು ಕೀರಲು ಸ್ವರದಲ್ಲಿ ಊಳಿಡುತ್ತ ತಾವು ಬರುವುದನ್ನು ಮೊದಲೇ ಸಾರುತ್ತಿದ್ದವು. ಹೊಸ ಎಂಜಿನ್ ಹಾಕಿದ ಮೇಲೆ ಆ ಮುನ್ಸೂಚನೆ ಇಲ್ಲ.

ತಾಣಗಳು

ಇಂಗ್ಲೆಂಡಿನ ಫೇರ್‌ಫರ್ಡ್ ವಾಯುನೆಲೆ ಈ ಹವ್ಯಾಸದ ಯಾತ್ರಾಸ್ಥಳ. 1985ರಿಂದ ಅಲ್ಲಿ ದೊಡ್ಡ ವಾಯುಪ್ರದರ್ಶನ ನಡೆದುಬಂದಿದೆ. 1991, 1999 ಮತ್ತು 2003ರ ಯುದ್ಧಗಳಲ್ಲಿ ಬಿ-52ಗಳು ಅಲ್ಲಿಂದ ಏರಿಹೋದಾಗಲೂ ಬೇಲಿಯ ಹೊರಗೆ ಕ್ಯಾಮೆರಾಗಳಿದ್ದವು. ವೇಲ್ಸ್ ದೇಶದ ಮ್ಯಾಕ್ ಲೂಪ್ ಎಂಬ ಕಣಿವೆಗಳ ಸರಣಿಯಲ್ಲಿ ಸೇನಾ ವಿಮಾನಗಳು 250 ಅಡಿಯಷ್ಟು ತಗ್ಗಿನಲ್ಲಿ ಹಾರುವ ಅಭ್ಯಾಸ ಮಾಡುತ್ತವೆ. ಗುಡ್ಡದ ಮೇಲೆ ನಿಂತವರಿಗೆ ವಿಮಾನ ಕಣ್ಣಿನ ಮಟ್ಟದಲ್ಲಿ, ಕೆಲವೊಮ್ಮೆ ಕಾಲ ಕೆಳಗೆ ಹಾಯುತ್ತದೆ. ಯುದ್ಧವಿಮಾನಗಳೇ ಅಲ್ಲಿ ಹೆಚ್ಚು. ಅಪರೂಪಕ್ಕೆ ಸಿ-17 ಬಂದಾಗ ಕಣಿವೆಯೇ ಕಿರಿದಾದಂತೆ ಕಾಣುತ್ತದೆ. ಹಿನ್ನೆಲೆಯಲ್ಲಿ ಆಕಾಶದ ಬದಲು ಬಂಡೆ, ಕುರಿ, ಕಲ್ಲಿನ ಗೋಡೆ ಇರುವುದರಿಂದ ಅಳತೆಗೋಲು ತಾನಾಗಿ ಒದಗುತ್ತದೆ. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ರಿವರ್‌ಫೈರ್ ಉತ್ಸವದ ಸಮಯ ಆ ದೇಶದ ವಾಯುಪಡೆಯ ಸಿ-17 ನದಿಯ ಗುಂಟ ಬಹುಮಹಡಿ ಕಟ್ಟಡಗಳ ನಡುವೆ ಹಾಯುತ್ತದೆ. ಕಚೇರಿಯ ಕಿಟಕಿಯಿಂದ ತೆಗೆದ ಆ ಚಿತ್ರಗಳನ್ನು ಮೊದಲ ಸಲ ನೋಡಿದವರು ಬೆಚ್ಚಿಬೀಳುತ್ತಾರೆ.

ಕನ್ನಡಿಗರಿಗೆ ಹತ್ತಿರದ ತಾಣ ಬೆಂಗಳೂರಿನ ಯಲಹಂಕ. 1996ರಲ್ಲಿ ಶುರುವಾದ ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ ಅಲ್ಲಿ ನಡೆಯುತ್ತದೆ. ರನ್‌ವೇ ಪೂರ್ವ–ಪಶ್ಚಿಮ. ಫೆಬ್ರವರಿ ನಡುಭಾಗದ ನಡುಹಗಲಿನಲ್ಲಿ ಸೂರ್ಯ ದಕ್ಷಿಣದಲ್ಲಿ ಸುಮಾರು 64 ಡಿಗ್ರಿ ಎತ್ತರದಲ್ಲಿರುವುದರಿಂದ ರನ್‌ವೇಗೆ ಉತ್ತರಕ್ಕೆ ನಿಂತವರಿಗೆ ಸಿಗುವುದು ವಿಮಾನದ ನೆರಳಿನ ಮಗ್ಗುಲು, ದಕ್ಷಿಣಕ್ಕೆ ನಿಂತವರಿಗೆ ಬೆಳಕಿನ ಮಗ್ಗುಲು. ಬೆಂಗಳೂರಿನ ಹದ್ದುಗಳೂ ಚೌಕಟ್ಟಿಗೆ ನುಗ್ಗಿ ಆಟೊಫೋಕಸ್ಸನ್ನು ಸೆಳೆದೊಯ್ಯುತ್ತವೆ. ಅವು ವಿಮಾನಕ್ಕೂ ಅಪಾಯವಾದ್ದರಿಂದ 2023ರಲ್ಲಿ ನೆಲೆಯ ಸುತ್ತ 10 ಕಿ.ಮೀ. ವ್ಯಾಪ್ತಿಯಲ್ಲಿ ಪ್ರದರ್ಶನ ಮುಗಿಯುವವರೆಗೆ ಮಾಂಸ ಮಾರಾಟ ನಿಲ್ಲಿಸಲಾಗಿತ್ತು. 2021ರ ಫೆಬ್ರವರಿ 3ರಂದು ದಕ್ಷಿಣ ಡಕೋಟಾದ ಎಲ್ಸ್‌ವರ್ತ್ ನೆಲೆಗೆ ಸೇರಿದ ಒಂದು ಬಿ-1ಬಿ ಬಾಂಬರ್ ಯಲಹಂಕದ ಮೇಲೆ ತೇಜಸ್ ಜೊತೆಗೂಡಿ ಹಾರಿತು. ಒಂದು ಸುಮಾರು 44 ಮೀಟರ್, ಇನ್ನೊಂದು 13. ಆ ಕೆಲವು ಸೆಕೆಂಡುಗಳಲ್ಲಿ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದವರು ಬಾಂಬರಿನ ಅಗಾಧತೆಯನ್ನೂ ನಮ್ಮ ಪುಟ್ಟ ವಿಮಾನದ ಚುರುಕನ್ನೂ ಒಟ್ಟಿಗೆ ಉಳಿಸಿಕೊಂಡರು.

ಕಾನೂನು ಮತ್ತು ಹಕ್ಕು

ಬ್ರಿಟನ್ನಿನಲ್ಲಿ ಸಾರ್ವಜನಿಕ ರಸ್ತೆಯಿಂದ ಸೇನಾ ವಿಮಾನದ ಚಿತ್ರ ತೆಗೆಯುವುದು ದಿನನಿತ್ಯದ ಹವ್ಯಾಸ. ಎಲ್ಲೆಡೆ ಹಾಗಿಲ್ಲ. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಲಮಾಟ ವಾಯುನೆಲೆಯಲ್ಲಿ ಹನ್ನೆರಡು ಬ್ರಿಟಿಷ್ ಮತ್ತು ಇಬ್ಬರು ಡಚ್ ಹವ್ಯಾಸಿಗಳನ್ನು ಬೇಹುಗಾರಿಕೆಯ ಶಂಕೆಯ ಮೇಲೆ ಬಂಧಿಸಲಾಯಿತು. 2002ರ ಏಪ್ರಿಲ್‌ನಲ್ಲಿ ಅವರಿಗೆ ಶಿಕ್ಷೆಯಾಯಿತು; ಅದೇ ವರ್ಷದ ನವೆಂಬರಿನಲ್ಲಿ ಮೇಲ್ಮನವಿಯಲ್ಲಿ ಬಿಡುಗಡೆ ಸಿಕ್ಕಿತು.

ಭಾರತದಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿಷೇಧಿತ ಸ್ಥಳಗಳ ಚಿತ್ರಣವನ್ನು ಗಂಭೀರ ಅಪರಾಧವಾಗಿ ನೋಡುತ್ತದೆ. 1937ರ ವಿಮಾನ ನಿಯಮಗಳ 13ನೇ ನಿಯಮ ಸರ್ಕಾರಿ ವಿಮಾನ ನಿಲ್ದಾಣದಲ್ಲಿ ಮತ್ತು ಹಾರುವ ವಿಮಾನದಿಂದ ಅನುಮತಿಯಿಲ್ಲದೆ ಚಿತ್ರ ತೆಗೆಯುವುದನ್ನು ತಡೆಯುತ್ತದೆ. 2025ರ ಮೇ ತಿಂಗಳಲ್ಲಿ ರಕ್ಷಣಾ ನೆಲೆಗಳಿಂದ ಏರಿಳಿಯುವ ನಾಗರಿಕ ವಿಮಾನಗಳಲ್ಲಿ ಕಿಟಕಿಯ ಪರದೆ ಮುಚ್ಚಿಡಬೇಕೆಂದು ಸೂಚನೆ ಹೊರಟಿತು. ಲೇಹ್ ನಗರದ ರನ್‌ವೇ ಪಕ್ಕದಲ್ಲೇ ಸ್ಪಿತುಕ್ ಮಠದ ಗುಡ್ಡವಿದೆ. ಸಿ-17 ಮತ್ತು ಐಎಲ್-76 ವಿಮಾನಗಳು ಅಲ್ಲಿ ಇಳಿಯುತ್ತವೆ. ಮ್ಯಾಕ್ ಲೂಪಿಗಿಂತ ಭವ್ಯವಾದ ನೋಟ, ಆದರೆ ಅದು ಸೇನಾ ನೆಲೆಯಾದ್ದರಿಂದ ಕ್ಯಾಮೆರಾ ಎತ್ತುವಂತಿಲ್ಲ. ಗಡಿಯ ಪರಿಸ್ಥಿತಿ ಬಲ್ಲವರು ಇದನ್ನು ಆಕ್ಷೇಪಿಸಲಾರರು. ಹಾಗಾಗಿ ನಮ್ಮ ಹವ್ಯಾಸಿಗಳಿಗೆ ಏರೋ ಇಂಡಿಯಾ, ವಾಯುಪಡೆ ದಿನದಂಥ ಸಂದರ್ಭಗಳೇ ಮುಖ್ಯ ಅವಕಾಶ.

ಚಿತ್ರಗಳ ಹಕ್ಕಿನ ವಿಚಾರದಲ್ಲಿ ಇರುವ ವ್ಯತ್ಯಾಸ ಇನ್ನೂ ದೂರ ಪರಿಣಾಮ ಬೀರಿದೆ. ಅಮೆರಿಕದ ಸರ್ಕಾರಿ ನೌಕರರು ಕೆಲಸದ ಭಾಗವಾಗಿ ತೆಗೆದ ಚಿತ್ರಗಳಿಗೆ ಅಲ್ಲಿನ ಕಾನೂನಿನಲ್ಲಿ ಹಕ್ಕುಸ್ವಾಮ್ಯವಿಲ್ಲ. ಯಾರು ಬೇಕಾದರೂ ಅಚ್ಚುಹಾಕಬಹುದು. ಭಾರತದ ಸರ್ಕಾರಿ ಕೃತಿಗಳಿಗೆ 1957ರ ಕಾಯ್ದೆಯ ಪ್ರಕಾರ ಪ್ರಕಟಣೆಯ ನಂತರ 60 ವರ್ಷ ಹಕ್ಕು ಇರುತ್ತದೆ. ಜಗತ್ತಿನ ಪುಸ್ತಕ, ಪತ್ರಿಕೆಗಳಲ್ಲಿ ದೊಡ್ಡ ಸೇನಾ ವಿಮಾನವೆಂದರೆ ಅಮೆರಿಕದ್ದೇ ಕಣ್ಣಿಗೆ ಬೀಳುವುದಕ್ಕೆ ಇದೂ ಒಂದು ಕಾರಣ. 1985ರಿಂದ ನಮ್ಮ ವಾಯುಪಡೆಯಲ್ಲಿ ದುಡಿದ ಐಎಲ್-76 ‘ಗಜರಾಜ’ ವಿಮಾನಗಳ ಹಾರಾಟದ ಒಳ್ಳೆಯ ಚಿತ್ರಗಳು ಹೀಗೆ ಮುಕ್ತವಾಗಿ ಸಿಗುವಂತಿದ್ದರೆ ಕನ್ನಡದ ಶಾಲಾಮಕ್ಕಳು ಅವನ್ನೂ ಗುರುತಿಸುತ್ತಿದ್ದರು.

ಗಾಳಿಯಿಂದ ಗಾಳಿಗೆ

ಜೊತೆಗೆ ಹಾರುವ ವಿಮಾನದಿಂದ ನೋಡಿದರೆ ಎದುರಿನ ವಿಮಾನ ನಿಂತೇ ಇರುತ್ತದೆ. ಎರಡರ ವೇಗವೂ ಒಂದೇ. ಕಷ್ಟ ಬೇರೆ ಕಡೆಗಳಿಂದ ಬರುತ್ತದೆ. ಕ್ಯಾಮೆರಾ ವಿಮಾನದ ನಡುಕ ಕೈಗೆ ದಾಟದಂತೆ ಲೆನ್ಸನ್ನು ಕಿಟಕಿಗೆ ಒರಗಿಸದೆ ಹಿಡಿಯಬೇಕು. ಪ್ಲಾಸ್ಟಿಕ್ ಕಿಟಕಿಯಲ್ಲಿ ತನ್ನದೇ ಬಿಂಬ ಮೂಡದಿರಲೆಂದು ಕಪ್ಪು ಬಟ್ಟೆ, ಕಪ್ಪು ಕೈಗವಸು. ಅಂಥ ಕಿಟಕಿಯ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದರೆ ಕಾಮನಬಿಲ್ಲಿನ ಪಟ್ಟೆಗಳು ಎದ್ದು ಚಿತ್ರ ಕೆಡುತ್ತದೆ. ಹಾರುವ ಮೊದಲು ನೆಲದ ಮೇಲೆ ಕೂತು ಪ್ರತಿ ಚಲನೆಯನ್ನೂ, ದೂರವನ್ನೂ, ಮಾತಿಲ್ಲದಿದ್ದಾಗ ಮಾಡುವ ಸನ್ನೆಯನ್ನೂ ಒಪ್ಪಿಕೊಂಡಿರುತ್ತಾರೆ. ದೊಡ್ಡ ವಿಮಾನದ ಸುಳಿಗಾಳಿ ಹಿಂದಕ್ಕೂ ಕೆಳಕ್ಕೂ ಇಳಿಯುತ್ತದೆ. ಆದ್ದರಿಂದ ಕ್ಯಾಮೆರಾ ವಿಮಾನ ಮುಂದೆ, ಪಕ್ಕದಲ್ಲಿ ಅಥವಾ ಮೇಲೆ ಇರುತ್ತದೆ. ಸಿ-130 ತರಹದ ಸರಕು ವಿಮಾನದ ಹಿಂಬಾಗಿಲನ್ನು ತೆರೆದು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಇಳಿಜಾರಿನ ಅಂಚಿನಲ್ಲಿ ಕೂತು ತೆಗೆಯುವುದು ಬಹುಬಳಕೆಯ ವಿಧಾನ. ಅಲ್ಲಿ ಗಾಜೂ ಅಡ್ಡವಿಲ್ಲ. ಲಿಯರ್‌ಜೆಟ್ ಪೈಲಟ್ ಕ್ಲೇ ಲೇಸಿ ಬೆಳೆಸಿದ ಆಸ್ಟ್ರೊವಿಷನ್ ವ್ಯವಸ್ಥೆಯಲ್ಲಿ ಕ್ಯಾಮೆರಾ ಒಳಗಿದ್ದು, ಪೆರಿಸ್ಕೋಪಿನಂಥ ಕೊಳವೆ ಹೊರಗೆ ನೋಡುತ್ತದೆ. 1986ರ ‘ಟಾಪ್ ಗನ್’ ಚಿತ್ರದಲ್ಲಿ ಅದು ಬಳಕೆಯಾಯಿತು. 1966ರ ಆ ದಿನ ಕ್ಯಾಮೆರಾಗಳಿದ್ದ ಲಿಯರ್‌ಜೆಟ್ಟನ್ನು ಹಾರಿಸಿದ್ದವರೂ ಲೇಸಿಯೇ.

ಆದರೆ ದೊಡ್ಡ ಸೇನಾ ಜೆಟ್‌ಗಳ ಅತ್ಯುತ್ತಮ ಚಿತ್ರಗಳು ಹುಟ್ಟಿದ್ದು ಛಾಯಾಗ್ರಹಣಕ್ಕೆಂದು ಮಾಡದ ಒಂದು ಜಾಗದಲ್ಲಿ. ಕೆಸಿ-135 ಇಂಧನ ವಿಮಾನದ ಬಾಲದ ಅಡಿ ಒಂದು ಕಿಟಕಿಯಿದೆ. ಇಂಧನದ ಕೊಳವೆಯನ್ನು ನಡೆಸುವ ಸಿಬ್ಬಂದಿ ಅಲ್ಲಿ ಹೊಟ್ಟೆಯ ಮೇಲೆ ಮಲಗಿ ಹಿಂದಕ್ಕೆ, ಕೆಳಕ್ಕೆ ನೋಡುತ್ತಾರೆ. ಇಂಧನ ಪಡೆಯಲು ಬರುವ ಬಿ-52, ಬಿ-2 ಅಥವಾ ಸಿ-17 ಕೊಳವೆಯ ಉದ್ದದಷ್ಟು ಹತ್ತಿರ ಬಂದು ನಿಲ್ಲುತ್ತದೆ. ಪಕ್ಕದ ಜಾಗದಲ್ಲಿ ಮಲಗಿದ ಛಾಯಾಗ್ರಾಹಕರಿಗೆ ಉದ್ದ ಲೆನ್ಸ್ ಬೇಡವೇ ಬೇಡ. ಅಗಲ ನೋಟದ ಲೆನ್ಸಿನಲ್ಲೂ ರೆಕ್ಕೆತುದಿಗಳು ಚೌಕಟ್ಟಿನ ಆಚೆ ಉಳಿಯುತ್ತವೆ. ಕಾಕ್‌ಪಿಟ್ಟಿನ ಪೈಲಟ್ ತಲೆ ಎತ್ತಿ ನೇರವಾಗಿ ಲೆನ್ಸನ್ನೇ ನೋಡುತ್ತಿರುತ್ತಾರೆ. ಅವರ ಹಿಂದೆ ಮೈಲುಗಟ್ಟಲೆ ಕೆಳಗೆ ನೆಲ ಹರಡಿರುತ್ತದೆ. ಅಳತೆಗೋಲು, ಸಾಮೀಪ್ಯ, ನೆಲದಿಂದ ಮೇಲೆ ಚಿಮ್ಮಿದ ಬೆಳಕು ಎಲ್ಲವೂ ಒಂದೇ ಕಿಟಕಿಯಲ್ಲಿ.

ಕೆಸಿ-10 ಎಂಬ ಇನ್ನೊಂದು ಇಂಧನ ವಿಮಾನದಲ್ಲಿ ಈ ಕಿಟಕಿ ಇನ್ನೂ ವಿಶಾಲವಾಗಿತ್ತು, ಮಲಗದೆ ಕುರ್ಚಿಯಲ್ಲಿ ಕೂತೇ ನೋಡಬಹುದಿತ್ತು. ಅಮೆರಿಕದ ವಾಯುಪಡೆ 2024ರಲ್ಲಿ ಅದನ್ನು ನಿವೃತ್ತಿಗೊಳಿಸಿತು. ಹೊಸದಾಗಿ ಬಂದಿರುವ ಕೆಸಿ-46ರ ಬಾಲದಲ್ಲಿ ಕಿಟಕಿಯೇ ಇಲ್ಲ. ಕೊಳವೆ ನಡೆಸುವವರು ಕಾಕ್‌ಪಿಟ್ಟಿನ ಹಿಂದೆ ಕೂತು, ಬಾಲದ ಕ್ಯಾಮೆರಾಗಳು ಕಳಿಸುವ ದೃಶ್ಯವನ್ನು ಪರದೆಯ ಮೇಲೆ ನೋಡುತ್ತ ಕೆಲಸ ಮಾಡುತ್ತಾರೆ. 1956ರ ಆಗಸ್ಟಿನಲ್ಲಿ ಮೊದಲು ಹಾರಿದ ಕೆಸಿ-135ಗಳು ಇನ್ನೂ ಸೇವೆಯಲ್ಲಿವೆ. ಅವುಗಳ ಬಾಲದಡಿಯ ಗಾಜಿನ ಹಿಂದೆ ಈಗಲೂ ಯಾರೋ ಒಬ್ಬರು ಕ್ಯಾಮೆರಾ ಹಿಡಿದು ಮಲಗಿ ಕಾಯುತ್ತಿರುತ್ತಾರೆ.